ರಿಪೇರಿಯಾಗದ ರೇಡಿಯೊ

ಅವರ ಎಡಗೈ ಹೆಬ್ಬೆರಳಿನ ಉಗುರು ಸುಟ್ಟು ಕಪ್ಪಾಗಿತ್ತು. ಬೆಸುಗೆ ಕಡ್ಡಿ ಕಾದಿದೆಯೋ ಇಲ್ಲವೋ ಎಂದು ಆ ಉಗುರಿಗೇ ಮುಟ್ಟಿಸಿ ನೋಡುತ್ತಿದ್ದರು. ನಂಜನಗೂಡಿನ ಬಜಾರಿನಲ್ಲಿ ಅವರದು ಗೂಡಿನಂಥ ರೇಡಿಯೊ ರಿಪೇರಿ ಅಂಗಡಿ. ರಿಪೇರಿಯಾದ ಸೆಟ್ಟಿನಲ್ಲಿ ಒಂದು ವಾರ್ತೆ ಪೂರ್ತಿ ಕೇಳದೆ ಯಾರಿಗೂ ಕೊಡುತ್ತಿರಲಿಲ್ಲ. ಅವಸರ ಮಾಡಿದವರಿಗೆ "ಕುಂತ್ಕಳಿ ಸಾ, ದೆಲ್ಲಿಯೋರು ಏನಂತಾರೆ ಕೇಳನ" ಎನ್ನುವರು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ನನ್ನಪ್ಪ ಅಲ್ಲಿ ವೆಲ್ಡರ್ ಆಗಿದ್ದರು. ನಾನಾಗ ಏಳನೇ ಕ್ಲಾಸು. ಅಮ್ಮ ಒಲೆ ಹಚ್ಚುವುದನ್ನೇ ಮರೆತು ರೇಡಿಯೊ ಮುಂದೆ ಕೂತಳು. ಕುವೈತ್ ಎಂಬ ಮಾತು ಬಂದಾಗಲೆಲ್ಲ ನನ್ನ ಕೈ ಹಿಸುಕುವಳು, ಅವಳ ಬಳೆ ಒತ್ತಿ ಗುರುತು ಮೂಡುತ್ತಿತ್ತು. ನರಸೀಪುರದಿಂದ ತಾತ ಕರೆಯಲು ಬಂದರೂ ಹೋಗಲಿಲ್ಲ. ಕಾಗದ ಬಂದರೆ ಈ ಅಡ್ರೆಸ್ಸಿಗೇ ತಾನೆ ಬರಬೇಕು.

ಇರಾಕಿಗೂ ಕುವೈತಿಗೂ ಯಾಕೆ ಜಗಳ ಎಂದು ರೇಡಿಯೊ ಅಂಗಡಿಯವರನ್ನು ಕೇಳಿದೆ. ಇರಾನಿನ ಜೊತೆ ಕಾದಾಡುವಾಗ ಇದೇ ಕುವೈತ್ ಇರಾಕಿನ ಬೆನ್ನಿಗಿತ್ತು ಎಂದರು. "ಎಗಲ ಮೇಲೆ ಕೈ ಹಾಕ್ಕಂಡಿದ್ದೋರೇ ಕಣವ್ವ. ಈಗ ಎಣ್ಣೆ ಬಾವಿ ಮೇಲೆ ಕಣ್ಣು ಬಿದ್ದದೆ." ಕೇಳಿ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ದಿನಾ ಮಜ್ಜಿಗೆ ಕೊಡುವ ಪಕ್ಕದ ಮನೆಯ ಅತ್ತೆಯನ್ನೂ ಅನುಮಾನದಿಂದ ನೋಡತೊಡಗಿದೆ.

ಒಂದು ದಿನ ರೇಡಿಯೊ ಗೊರಗುಟ್ಟಿ ನಿಂತುಹೋಯಿತು. ಅಮ್ಮ ಅದನ್ನು ಎದೆಗವಚಿಕೊಂಡು ಅಂಗಡಿಗೆ ಓಡಿದಳು. ಅವರು ಮುಚ್ಚಳ ಬಿಚ್ಚಿ ನೋಡಿದರು. ಆಮೇಲೆ ರೇಡಿಯೊ ಬಿಟ್ಟು ಅಮ್ಮನ ಮುಖವನ್ನೇ ನೋಡಿದರು. ಮೈಸೂರಿನಿಂದ ಸಾಮಾನು ಬರಬೇಕು ಎಂದರು. ಅಂದಿನಿಂದ ಸ್ಕೂಲು ಬಿಟ್ಟ ಮೇಲೆ ದಿನವೂ ಹೋಗಿ ವಿಚಾರಿಸುವುದು ನನ್ನ ಪಾಲಿಗೆ ಬಂತು. ನನ್ನನ್ನು ಕಂಡೊಡನೆ ಕೇಳುತ್ತಿದ್ದ ಸೆಟ್ಟಿನ ಕಿವಿ ಹಿಂಡಿ ಆರಿಸುವರು. "ಬಂದಿಲ್ಲ ಕಣವ್ವ. ನಾಳಿಕ್ ನೋಡನ." ಏನು ಕೇಳಿಸಿಕೊಂಡಿದ್ದರೋ ಎಂದುಕೊಳ್ಳುತ್ತಲೇ ಮನೆಗೆ ಬರುತ್ತಿದ್ದೆ. ಅಮ್ಮ ಅವರಿಗೆ ಹಿಡಿಶಾಪ ಹಾಕಿದಳು. ಆದರೆ ಕೇಳಲು ಏನೂ ಇಲ್ಲದೆ ಒಲೆ ಹಚ್ಚಿದಳು, ಎರಡು ತುತ್ತು ಉಂಡಳು.

ಸೆಪ್ಟೆಂಬರ್ ಕೊನೆಗೆ ಅಪ್ಪ ಬಂದರು. ಮರಳುಗಾಡು ದಾಟಿ, ಜೋರ್ಡಾನಿನ ಡೇರೆಯಲ್ಲಿದ್ದು, ಬೊಂಬಾಯಿಗೆ ವಿಮಾನ ಹತ್ತಿದ್ದರಂತೆ. ಕೈಯಲ್ಲಿ ಒಂದೇ ಚೀಲ. ಮರುದಿನವೇ ರೇಡಿಯೊ ಸಿದ್ಧವಾಗಿತ್ತು. ಬೆಸುಗೆ ಬಲ್ಲ ಅಪ್ಪ ಮುಚ್ಚಳ ತೆಗೆದು ನೋಡಿ, ಹೊಸ ಸಾಮಾನೇನೂ ಹಾಕಿಲ್ಲ, ಬಿಟ್ಟುಹೋದ ಒಂದು ವೈರು ಬೆಸೆದಿದ್ದಾರೆ ಅಷ್ಟೆ, ಐದು ನಿಮಿಷದ ಕೆಲಸ ಎಂದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಜನವರಿಯಲ್ಲಿ ಹತ್ತಾರು ದೇಶಗಳು ಒಟ್ಟಾಗಿ ಇರಾಕಿನ ಮೇಲೆ ಬಾಂಬು ಸುರಿಸಿದವು. ಫೆಬ್ರವರಿ ಮುಗಿಯುವಷ್ಟರಲ್ಲಿ ಯುದ್ಧ ನಿಂತಿತು. ಆ ವಾರ್ತೆಯನ್ನು ಅಪ್ಪನ ಪಕ್ಕ ಕೂತು ಕೇಳಿದೆವು.

ದೊಡ್ಡವಳಾದ ಮೇಲೆ ರೇಡಿಯೊ ಅಂಗಡಿಯವರನ್ನು ಒಮ್ಮೆ ಕೇಳಿದೆ, ಆ ದಿನಗಳಲ್ಲಿ ನೀವು ಏನೇನು ಕೇಳಿಸಿಕೊಂಡಿರಿ ಎಂದು. ಉಗುರು ನೋಡಿಕೊಳ್ಳುತ್ತ ಕೂತರು. "ಅದ್ಯಾಕವ್ವ ಈಗ. ನಂಗೂ ಬಾಳ ಭಯ ಆಯ್ತಿತ್ತು. ಒಬ್ರು ಕೇಳುದ್ರೆ ಸಾಕು ಅಂದ್ಕಂಡೆ."

ಅವರು ತೀರಿಕೊಂಡ ಮರುವರ್ಷ ಇರಾಕಿನಲ್ಲಿ ಮತ್ತೆ ಯುದ್ಧ ಶುರುವಾಯಿತು. ಮಜ್ಜಿಗೆ ಕೊಡುತ್ತಿದ್ದ ಅತ್ತೆಯ ಮಗ ಆಗ ಕುವೈತಿನಲ್ಲಿದ್ದ. ಅತ್ತೆ ಬೆಳಗ್ಗೆಯಿಂದ ನಮ್ಮ ಟಿವಿ ಮುಂದೆಯೇ ಕೂತಿದ್ದರು. ಕುವೈತ್ ಎಂದಾಗಲೆಲ್ಲ ನನ್ನ ಕೈ ಹಿಸುಕುತ್ತಿದ್ದರು. ನಾನು ಎದ್ದು ಟಿವಿಯ ಹಿಂದೆ ಹೋಗಿ ಕೇಬಲ್ ವೈರು ಕಿತ್ತೆ. ಕೇಬಲಿನವನು ನಾಳೆ ಬರುತ್ತಾನಂತೆ ಎಂದು ಹೇಳಿ, ಅವರಿಗೆ ಅನ್ನ ಬಡಿಸಿದೆ.