ಅತ್ತೆಯವರು ಹೊಗಳಿದ ಒಂದೇ ಕುಂಬಳಕಾಯಿ

ನಮ್ಮ ಅತ್ತೆಯವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಿತ್ತು. ಉಳಿದ ಉಗುರುಗಳನ್ನು ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದ ಅವರು ಅದೊಂದನ್ನು ಬಿಟ್ಟುಕೊಂಡಿದ್ದರು. ಹಳದಿಗಟ್ಟಿ, ದಪ್ಪಗಾಗಿ, ತುದಿಯಲ್ಲಿ ತುಸು ಬಾಗಿತ್ತು. ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಹರಿಹರದಿಂದ ದಾವಣಗೆರೆಗೆ ಬಂದ ಹೊಸತರಲ್ಲಿ ಅದನ್ನು ಕಂಡರೆ ನನಗೆ ದಿಗಿಲು. ಅದು ಇದ್ದದ್ದು ಕುಂಬಳಕಾಯಿಯನ್ನು ಚುಚ್ಚಿ ನೋಡಲಿಕ್ಕೆ ಅಂತ ಆಮೇಲೆ ತಿಳಿಯಿತು.

ಅನುಮಾನ ಅವರಿಗೆ ಹುಟ್ಟಿನಿಂದಲೇ ಬಂದಿರಬೇಕು. ಹಾಲಿನವಳು ಹಾಲು ಅಳೆದು ಕೊಟ್ಟರೆ ಬೆರಳು ಅದ್ದಿ ನೋಡುವರು. ಮಾವನವರು ಅಂಗಡಿಯಿಂದ ಹೊತ್ತು ಮೀರಿ ಬಂದರೆ ಅಂಗಿ ಮೂಸಿ, “ಎಲ್ಲೋ ಮಿರ್ಚಿ ತಿಂದು ಬಂದೀರಿ” ಎನ್ನುವರು. ತಿಂದೇ ಬಂದಿರುತ್ತಿದ್ದರು, ಪಾಪ. ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತರೂ ತಪ್ಪು, ಹಾಡು ಗುನುಗಿದರೂ ತಪ್ಪು. “ಏನೋ ಮುಚ್ಚಿಡ್ತಿದೀಯ ನೀನು” ಎನ್ನುತ್ತಿದ್ದರು. ಮುಚ್ಚಿಡಲಿಕ್ಕೆ ಆ ಮನೆಯಲ್ಲಿ ನನಗೆ ಜಾಗವಾದರೂ ಎಲ್ಲಿತ್ತು?

ನಮ್ಮ ಮನೆ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ. ಚಳಿ ಶುರುವಾದರೆ ಹಳ್ಳಿಯವರು ಗಾಡಿಯಲ್ಲಿ ಹುಲ್ಲು ಹಾಸಿ ಕಾಯಿ ತುಂಬಿಕೊಂಡು ಬರುತ್ತಿದ್ದರು. ಅಲ್ಲಿಯ ತನಕ ನನ್ನ ಪಾಲಿಗೆ ಪಲ್ಯದ ಕುಂಬಳಕಾಯಿ ಒಂದು, ಬೂದುಗುಂಬಳ ಒಂದು, ಅಷ್ಟೆ. ಅತ್ತೆ ಗಾಡಿಯ ಪಕ್ಕ ನಿಂತು ಒಂದೊಂದನ್ನೂ ಕಳ್ಳನನ್ನು ವಿಚಾರಿಸುವ ಹಾಗೆ ವಿಚಾರಿಸಿ ನನಗೆ ಜಾತಿ ಕಲಿಸಿದರು. ಚಪ್ಪಟೆಯಾಗಿ ಮಡಿಕೆ ಮಡಿಕೆ ಇರುವುದು ಬೆಲ್ಲದ ಜೊತೆ ಬೇಯಿಸಿ ಗಾರಿಗೆ ಕರಿಯಲು. ಕತ್ತು ಉದ್ದವಿದ್ದು ಸೋರೆಕಾಯಿಯಂತೆ ಕಾಣುವುದರಲ್ಲಿ ಬೀಜ ಕಮ್ಮಿ, ಪಲ್ಯಕ್ಕೆ ಚೆನ್ನ. ಕಪ್ಪುಹಸಿರು ಸಿಪ್ಪೆಯ ಮೇಲೆ ಬಿಳಿ ಮಚ್ಚೆಯಿದ್ದರೆ ಒಳಗೆಲ್ಲ ನಾರು, ದನಕ್ಕೆ ಹಾಕಬೇಕು. ಸಂಡಿಗೆಗೆ ಬೂದುಗುಂಬಳವೇ ಆಗಬೇಕು, ಅದೂ ಬೂದಿ ದಟ್ಟವಾಗಿ ಕೂತದ್ದು. ಯಾವುದೇ ಆಗಲಿ, ತೊಟ್ಟು ಒಣಗಿ ಕಟ್ಟಿಗೆಯಾಗಿರಬೇಕು, ಉಗುರು ಇಳಿಯಬಾರದು.

“ಸಕ್ಕರಿ ಐತ್ರಿ ಅವ್ವಾರೆ, ಸಕ್ಕರಿ!” ಎಂದು ಗಾಡಿಯವನು ಕೂಗಿದರೆ, “ಸಕ್ಕರಿ ಆಗಿದ್ರ ನೀ ಯಾಕ ಮಾರಾಕ ಬರ್ತಿದ್ದಿ? ಮನ್ಯಾಗ ಕುಂತು ತಿಂತಿದ್ದಿ” ಎನ್ನುವರು.

ಮನೆಗೆ ತಂದ ಮೇಲೂ ಕಾಯಿಗೆ ಬಿಡುಗಡೆಯಿಲ್ಲ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಕತ್ತಿ ಹಾಕಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಮಾವನವರು ಎರಡು ಹೋಳು ಮಾಡಿ ಕೊಡುತ್ತಿದ್ದರು. ಅತ್ತೆ ಒಂದು ಚೂರನ್ನು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಹಿತ್ತಲಿಗೆ ಹೋಗಿ ಉಗಿದು ಬರುತ್ತಿದ್ದರು. ಕಹಿ ಕಾಯಿ ತಿಂದು ಒಂದು ಮನೆಯವರೆಲ್ಲ ವಾಂತಿ ಭೇದಿಯಾಗಿ ಮಲಗಿದ್ದನ್ನು ಚಿಕ್ಕಂದಿನಲ್ಲಿ ಕಂಡಿದ್ದರಂತೆ. “ಮ್ಯಾಲೆ ನೋಡಿದ್ರ ಏನೂ ಗೊತ್ತಾಗಲ್ಲ. ನಾಲಿಗಿಗೇ ಗೊತ್ತಾಗಬೇಕು” ಎನ್ನುತ್ತಿದ್ದರು. ಚೆನ್ನಾಗಿದೆ ಎಂದು ಯಾವ ಕಾಯಿಗೂ ಹೇಳಿದವರಲ್ಲ. “ಹೂಂ, ನಡೀತೈತೆ” ಎಂದರೆ ಅದೇ ಹೆಚ್ಚು.

ನಾನು ಚೊಚ್ಚಲ ಬಸುರಿಯಾದೆ. ಏಳು ತಿಂಗಳಿಗೆ ಕುಬುಸದ ಕಾರ್ಯ, ತವರಿನವರು ಸೀರೆ, ಕುಬುಸ, ಸಿಹಿ ತಂದು ಬಸುರಿಗೆ ಉಡಿ ತುಂಬುವ ದಿನ. ನನ್ನ ತವರು ಅನುಕೂಲಸ್ಥರದ್ದಲ್ಲ. ಅತ್ತೆಯ ಕಡೆಯ ಹೆಂಗಸರು ಪಡಸಾಲೆಯಲ್ಲಿ ಸಾಲಾಗಿ ಕೂತು, ಹರಿಹರದವರು ಏನು ತಂದಾರು ಎಂದು ಕಾಯುತ್ತಿದ್ದರು. ಅವ್ವ ಒಂದು ಸಾದಾ ಸೀರೆ, ಬುಟ್ಟಿಯಲ್ಲಿ ಮಡಿಕೆ ಮಡಿಕೆಯ ದೊಡ್ಡದೊಂದು ಕುಂಬಳಕಾಯಿ ತಂದಿದ್ದಳು. ಹೊಳೆದಂಡೆಯ ನಮ್ಮ ಹಿತ್ತಲಲ್ಲಿ ಅವಳೇ ನೀರು ಹೊತ್ತು ಬೆಳೆದದ್ದು.

“ಇವತ್ತಿನ ಗಾರಿಗಿ ಇದರಾಗ ಆಗ್ಲಿ ಅಕ್ಕಾರೆ. ಬಸುರಿ ಬಾಯಿಗೆ ತವರಿನ ಸಿಹಿ ಬೀಳ್ಲಿ” ಎಂದಳು.

ಸಾಲಿನಲ್ಲಿದ್ದ ಒಬ್ಬಾಕೆ ಮೂಗು ಮುರಿದಳು. “ಕುಬುಸಕ್ಕ ಕುಂಬಳಕಾಯಿ ತಂದಾರವ್ವ!”

ಅವ್ವನ ಮುಖ ಸಣ್ಣಗಾಯಿತು. ಈ ಕಾಯಿಯಾದರೂ ಅವಳ ಮರ್ಯಾದೆ ಉಳಿಸಲಪ್ಪಾ ದೇವರೇ ಎಂದುಕೊಂಡೆ.

ಕುಂಬಳಕಾಯಿ ಹೋಳು ಮಾಡುವುದನ್ನು ಬಸುರಿ ನೋಡಬಾರದೆಂದು ನನ್ನನ್ನು ಒಳಗೆ ಕಳಿಸಿದರು. ನಾನು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟೆ. ಮಾವನವರು ಕತ್ತಿ ಹಾಕಿದರು. ಅತ್ತೆ ಚೂರು ಬಾಯಿಗೆ ಹಾಕಿಕೊಂಡು ಅಗಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಅತ್ತೆ ಹಿತ್ತಲಿಗೆ ಹೋಗಲಿಲ್ಲ, ಅಲ್ಲೇ ನುಂಗಿದರು.

“ಎಷ್ಟ್ ಸಿಹಿ ಐತೆ ನೋಡ್ರಿ!” ಎಂದರು, ಪಡಸಾಲೆಗೆಲ್ಲ ಕೇಳುವಂತೆ. “ಇಂಥಾ ಕಾಯಿ ನಾ ಹುಟ್ಟಿದಾಗಿಂದ ತಿಂದಿಲ್ಲ. ಇವತ್ತಿನ ಗದ್ದಲಕ್ಕ ಇದು ಬ್ಯಾಡ. ಅಟ್ಟದ ಮ್ಯಾಲಿಂದು ಇಳಿಸ್ರಿ, ಗಾರಿಗಿಗೆ ಅದು ಸಾಕು. ಇದು ನನಗ ಇರ್ಲಿ. ಯಾರೂ ಮುಟ್ಟಂಗಿಲ್ಲ.”

ಮೂಗು ಮುರಿದಾಕೆಯೇ “ನಮಗೂ ಒಂಚೂರು ಕೊಡ್ರಿ” ಎಂದು ಕೈ ನೀಡಿದಳು. “ಕೊಡಂಗಿಲ್ಲ” ಎಂದು ಅತ್ತೆ ಹೋಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ನಡೆದರು. ಅವ್ವ ಹಿಗ್ಗಿ ಹೀರೇಕಾಯಿಯಾದಳು.

ನನಗೆ ಮಾತ್ರ ಅನುಮಾನ. ಅವರ ಜೊತೆ ಇದ್ದೂ ಇದ್ದೂ ಆ ಗುಣ ನನಗೂ ಅಂಟಿತ್ತು. ಯಾವ ಕಾಯನ್ನೂ ಹೊಗಳದ ಬಾಯಿ ನಮ್ಮವ್ವನ ಕಾಯನ್ನು ಯಾಕೆ ಹೊಗಳೀತು? ತವರಿನ ಸಿಹಿ ನನ್ನ ಬಾಯಿಗೆ ಬೀಳಬಾರದೆಂದೇ ಈ ನಾಟಕ ಇರಬೇಕು ಎನಿಸಿತು. ಸಂಜೆ ಅವ್ವನನ್ನು ರೈಲಿಗೆ ಕಳಿಸಿದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟಿದ್ದ ಹೋಳಿನಿಂದ ಚೂರು ಕೆತ್ತಿ ಬಾಯಿಗಿಟ್ಟೆ.

ಅಯ್ಯೋ ಶಿವನೇ! ಬೇವಿನ ಸೊಪ್ಪು ಅರೆದು ತುರುಕಿದ ಹಾಗಿತ್ತು. ಉಗಿದು ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ತಂಬಿಗೆ ಹಿಡಿದು, ಹೊಟ್ಟೆ ಒತ್ತಿಕೊಂಡು ನಿಂತಿದ್ದರು. ಮಧ್ಯಾಹ್ನದಿಂದ ಅವರು ಹಿತ್ತಲಿಗೆ ಓಡಾಡುತ್ತಿದ್ದದ್ದು ಆ ಗದ್ದಲದಲ್ಲಿ ಯಾರಿಗೂ ಕಂಡಿರಲಿಲ್ಲ.

“ನುಂಗಿದಿಯಾ?” ಎಂದರು ಗಾಬರಿಯಾಗಿ.

“ಇಲ್ರಿ, ಉಗಿದೆ.”

ನಂಬಲಿಲ್ಲ. ಬಾಯಿ ತೆಗೆಸಿ ನೋಡಿದರು.

“ನೀವ್ಯಾಕ್ರಿ ಅತ್ತಿ ನುಂಗಿದ್ರಿ?”

“ಮತ್ತೇನು, ಅಷ್ಟು ಮಂದಿ ಎದುರಿಗೆ ನಿಮ್ಮವ್ವನ ಮುಂದ ಉಗೀಲೇನು?” ಎಂದು ಸಿಡುಕಿದರು. “ಬೀಜ ಕೆಟ್ಟಾವ. ಬ್ಯಾರೆ ಬೀಜ ಹಾಕು ಅಂತ ಹೇಳು. ಕಾಯಿ ಕಹಿ ಇತ್ತು ಅಂತ ಮಾತ್ರ ಹೇಳಬ್ಯಾಡ. ನೀ ಬಾಯಿ ಬಿಡ್ತೀಯ ಅಂತ ನನಗ ಅನುಮಾನ ಐತೆ.”

ನಾನು ಅವರ ಕಾಲು ಹಿಡಿಯಲು ಬಗ್ಗಿದರೆ, “ಬಸುರಿ ಹಂಗ ಬಗ್ಗಬಾರದು, ಏಳು” ಎಂದು ಗದರಿ ಮತ್ತೆ ಹಿತ್ತಲಿಗೆ ಓಡಿದರು.

ಆಮೇಲೇನೂ ಅವರು ಬದಲಾಗಲಿಲ್ಲ. ಮರುದಿನವೇ ಹಾಲಿನವಳ ಜೊತೆ ಜಗಳ. ಅವ್ವನಿಗೆ ನಾನು ಬೇರೆ ಬೀಜ ಕೊಟ್ಟು, ಅತ್ತೆ ಕೊಟ್ಟ ಬೀಜ ಇವು, ಹಾಕಿ ನೋಡು ಎಂದೆ. ಅಂದಿನಿಂದ ಪ್ರತಿ ಮಾಗಿಗೂ ಹರಿಹರದಿಂದ ಒಂದು ಕಾಯಿ ಬರುತ್ತಿತ್ತು, ಬೀಗಿತ್ತಿಗೆ ಇಷ್ಟ ಅಂತ. ಅತ್ತೆ ಅದನ್ನೂ ಚುಚ್ಚಿ, ಬಡಿದು, ಅಗಿದು ಉಗಿದು, “ಹೂಂ, ನಡೀತೈತೆ” ಎನ್ನುತ್ತಿದ್ದರು.

ಅವರು ತೀರಿಕೊಂಡದ್ದು ಅರವತ್ತರ ದಶಕ ಮುಗಿಯುತ್ತಾ ಬಂದಾಗ. ಸುದ್ದಿ ಮುಟ್ಟಿದ ಕೂಡಲೇ ಅವ್ವ ಸಿಕ್ಕ ರೈಲು ಹತ್ತಿ ಬಂದಳು. ತಲೆಯ ಹತ್ತಿರ ಕೂತು, ಅವರ ಹಣೆ ಸವರಿ, ಮನೆ ತುಂಬ ಕೇಳುವ ಹಾಗೆ ಅತ್ತಳು.

“ಲೋಕದಾಗ ಯಾರನ್ನೂ ನಂಬಲಿಲ್ಲ ಪುಣ್ಯಾತ್ಗಿತ್ತಿ. ನನ್ನ ಕಾಯಿ ಒಂದನ್ನ ನಂಬಿದ್ಲು. ಅಷ್ಟು ಮಂದಿ ಮುಂದ ನನ್ನ ಮಾನ ಮ್ಯಾಲೆತ್ತಿದ ಕಾಯಿ ಅದು. ಅಷ್ಟು ಸಿಹಿ ಇತ್ತು, ಹೌದಿಲ್ಲೇನೇ?” ಎಂದು ನನ್ನ ಕಡೆ ತಿರುಗಿದಳು.

“ಹೌದವ್ವ” ಎಂದೆ.