ಅತ್ತೆಗೆ ಬಹುಪದೋಕ್ತಿ ಕಲಿಸಿದ ಕಥೆ

ನಮ್ಮತ್ತೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಲಾಂಡ್ರಿಯಿಂದ ಒಗೆದು ಬಂದ ಬಟ್ಟೆಗಳನ್ನು ವಿಂಗಡಿಸಿ, ಮಡಿಸಿ, ಕಪಾಟಿಗೇರಿಸಿ, ಕೇಳಿದ ವಾರ್ಡಿಗೆ ಕಳಿಸುವುದು ಅವರ ಕೆಲಸ. ಅಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ಇಸ್ತ್ರಿಯಮ್ಮ’ ಅಂತ. ಇಸ್ತ್ರಿ ಮಾಡುತ್ತಿದ್ದುದಕ್ಕಲ್ಲ, ಎಂಥ ಸೊಟ್ಟ ಮನುಷ್ಯನನ್ನೂ ಒಂದೇ ಬೈಗುಳಕ್ಕೆ ನೆಟ್ಟಗೆ ಮಾಡುತ್ತಿದ್ದುದಕ್ಕೆ.

ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಹೇಳಿಬಿಟ್ಟಿದ್ದರು: “ನಾನೂ ಗಣಿತದಲ್ಲಿ ಏನು ಕಮ್ಮಿ ಇರಲಿಲ್ಲಮ್ಮ. ಹತ್ತನೇ ಕ್ಲಾಸು, ಫಸ್ಟ್ ಕ್ಲಾಸಲ್ಲಿ ಪಾಸು.” ನನ್ನ ಗಂಡ ಮತ್ತು ನಾದಿನಿ ಚಿಕ್ಕವರಿದ್ದಾಗ ಮಾರ್ಕ್ಸ್ ಕಮ್ಮಿ ಬಂದಾಗಲೆಲ್ಲ ಇದೇ ಮಾತು ಕೇಳಿ ಕೇಳಿ ಬೆಳೆದಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ನನ್ನನ್ನು ಮಹಡಿ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಬೆಳಿಗ್ಗೆ ನಾನು ಪಿಂಗಾಣಿ ಪಾತ್ರೆ ಒಡೆದ ವಿಷಯ ಗೊತ್ತಾಯಿತೇನೋ ಅಂದುಕೊಂಡೆ.

“ನಮ್ಮ ಸೂಪರ್‌ವೈಸರ್ ರಿಟೈರ್ ಆಗ್ತಿದಾರೆ. ಆ ಜಾಗ ನನಗೇ ಅಂತೆ,” ಅಂದರು ಪಿಸುಗುಟ್ಟುತ್ತ.

“ಒಳ್ಳೇದಾಯ್ತಲ್ಲ ಅತ್ತೆ!”

“ಏನು ಒಳ್ಳೇದು! ಹತ್ತನೇ ಕ್ಲಾಸು ಸರ್ಟಿಫಿಕೇಟ್ ಕೇಳ್ತಿದಾರೆ.”

“ಕೊಟ್ಟರಾಯ್ತು.”

“ಇದ್ರೆ ತಾನೇ ಕೊಡೋದು!”

ಬೇರೆಲ್ಲ ವಿಷಯದಲ್ಲಿ ಪಾಸು, ಗಣಿತದಲ್ಲಿ ಡುಮ್ಕಿ. ನಾನು ನಗು ತಡೆಯಲು ಕೆಮ್ಮಿದೆ. ಅತ್ತೆ ನನ್ನ ಕೆಮ್ಮನ್ನೇ ಕಣ್ಣಲ್ಲಿ ಗದರಿಸಿ, “ಈ ವಿಷಯ ಹೊರಗೆ ಹೋಯ್ತೋ, ನೋಡು ಆಮೇಲೆ!” ಅಂದರು. ಗಣಿತದ ಪರೀಕ್ಷೆಯೊಂದನ್ನು ಗುಟ್ಟಾಗಿ ಮತ್ತೆ ಬರೆಯುವುದೆಂದಾಗಿ, ಅಲ್ಲಿಗೆ ಪಾಠ ಶುರುವಾಯಿತು.

ಮೊದಮೊದಲು ಎಲ್ಲ ಸಲೀಸಾಗಿ ಸಾಗಿತು. ಬಹುಪದೋಕ್ತಿಗಳನ್ನು ಕೂಡುವಲ್ಲಿ ಗಾಡಿ ನಿಂತುಬಿಟ್ಟಿತು. ಅತ್ತೆಗೆ ಕೂಡುವುದೆಂದರೆ ಎಲ್ಲವನ್ನೂ ಕೂಡುವುದೇ. ಮೂರು ಎಕ್ಸ್ ವರ್ಗ, ಎರಡು ಎಕ್ಸ್ ಕೊಟ್ಟರೆ ಸ್ಲೇಟಿನ ಮೇಲೆ ಐದು ಅಂತ ದಪ್ಪಗೆ ಬರೆದು, ಮುಂದೇನು ಬರೆಯಬೇಕೆಂದು ತಿಳಿಯದೆ ನನ್ನ ಮುಖ ನೋಡುವರು.

“ಅತ್ತೆ, ಇವು ಬೇರೆ ಬೇರೆ. ಕೂಡೋ ಹಾಗಿಲ್ಲ.”

“ಅದ್ಯಾಕೆ? ಇದೂ ಎಕ್ಸು, ಅದೂ ಎಕ್ಸು. ಒಂದೇ ಮನೆಯವು.”

“ನಾನೂ ನೀವೂ ಒಂದೇ ಮನೆಯವರು. ಹಾಗಂತ ನನ್ನ ಚಪ್ಪಲಿ ನಿಮಗಾಗುತ್ತಾ?”

“ನಿನ್ನ ಚಪ್ಪಲಿ ಯಾರಿಗೆ ಬೇಕು? ಓಡಾಡಿದ್ರೆ ಟಪಟಪ ಅಂತ ಬೀದಿಗೆಲ್ಲ ಕೇಳುತ್ತೆ.”

ಹೀಗೆ ಪಾಠ ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. ಅವರ ಲೆಕ್ಕಕ್ಕೆ ನಾನು ತಪ್ಪು ಗುರುತು ಹಾಕಿದ ದಿನ ರಾತ್ರಿ ನನ್ನ ಅಡುಗೆಗೆ ಉಪ್ಪು ಜಾಸ್ತಿಯಾಗುತ್ತಿತ್ತು. ಸರಿ ಗುರುತು ಹಾಕಿದ ದಿನ ಅದೇ ಉಪ್ಪು ಹದವಾಗಿರುತ್ತಿತ್ತು.

ಕೊನೆಗೊಂದು ದಿನ ಕೇಳಿದೆ: “ನಿಮ್ಮ ಕೋಣೆಯಲ್ಲಿ ದೊಡ್ಡ ಮಂಚದ ಬೆಡ್‌ಶೀಟು ಮೂರು, ತೊಟ್ಟಿಲಿನ ಬೆಡ್‌ಶೀಟು ಎರಡು ಇವೆ ಅಂದ್ಕೊಳ್ಳಿ. ನರ್ಸ್ ಬಂದು ದೊಡ್ಡ ಮಂಚಕ್ಕೆ ಎಷ್ಟಿವೆ ಅಂತ ಕೇಳಿದ್ರೆ ಐದು ಅಂತೀರಾ?”

“ಅಂದ್ರೆ ಅವಳು ತೊಟ್ಟಿಲಿನದನ್ನ ಹಾಸಿ ಮಲಗಿಸ್ತಾಳೆ. ರೋಗಿಯ ಕಾಲೆಲ್ಲ ಹೊರಗೆ!” ಅತ್ತೆ ನಕ್ಕರು. ಆಮೇಲೆ ಸ್ಲೇಟಿನತ್ತ ಬಗ್ಗಿ, ನಗು ನಿಲ್ಲಿಸಿ, ಐದನ್ನು ಅಂಗೈಯಿಂದ ಒರೆಸಿದರು.

ಇತ್ತ ಮನೆಯಲ್ಲಿ ಗುಸುಗುಸು ಎದ್ದಿತ್ತು. ಅತ್ತೆ ಸೊಸೆ ಬಾಗಿಲು ಹಾಕಿಕೊಂಡು ಜಗಳವಾಡಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಒಂದಾಗಿದ್ದಾರೆ ಅನ್ನುವುದೇ ಎಲ್ಲರಿಗೂ ಭಯ. ಮಾವ ತಮ್ಮ ಹಳೇ ಸ್ಕೂಟರ್ ಮಾರುವ ಸಂಚು ಅಂತ ಕೀಲಿ ಬಚ್ಚಿಟ್ಟರು. ನಾದಿನಿಗೆ ಬೇರೆಯದೇ ಅನುಮಾನ. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳು ಒಂದು ಸಂಜೆ ಬೇಗ ಬಂದು, ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ನಾವು ಉದ್ದನೆಯ ಲೆಕ್ಕವೊಂದರಲ್ಲಿ ಮುಳುಗಿದ್ದೆವು.

“ಪಾಪ, ಸೇರಿಸಿಬಿಡೇ ಅತ್ಲಾಗೆ,” ಅತ್ತೆ ಅಂದರು. “ಆಗಿಂದ ಪಕ್ಕಪಕ್ಕದಲ್ಲೇ ನಿಂತಿದಾವೆ.”

“ಆಗಲ್ಲ ಅತ್ತೆ. ವಿಜಾತಿ. ತಲೆಕೆಳಗಾಗಿ ನಿಂತರೂ ಕೂಡಿಸೋ ಹಾಗಿಲ್ಲ. ಸಜಾತಿ ಇದ್ರೆ ಮಾತ್ರ.”

ಒಂದೇ ತರಹದ ಪದಗಳಿಗೆ ಪುಸ್ತಕದಲ್ಲಿ ಸಜಾತಿ ಅಂತಲೇ ಹೆಸರು, ಬೇರೆ ತರಹದವಕ್ಕೆ ವಿಜಾತಿ. ಬಾಗಿಲಾಚೆ ನಿಂತವಳಿಗೆ ಪುಸ್ತಕ ಕಾಣಬೇಕಲ್ಲ! ಬಾಗಿಲು ಧಡಾರನೆ ತೆರೆಯಿತು.

“ಅತ್ತಿಗೆ, ಓದಿದವರು ನೀವು, ನೀವೂ ಹೀಗಾ? ಅವನು ನಮ್ಮ ಜನ ಅಲ್ಲದಿದ್ರೆ ಏನೀಗ? ನಾನು ಮದುವೆ ಅಂತ ಆದ್ರೆ ಅವನನ್ನೇ!”

ಅತ್ತೆಯ ಕೈಯಲ್ಲಿದ್ದ ಬಳಪ ಗಾಳಿಯಲ್ಲೇ ನಿಂತಿತು.

“ಯಾರನ್ನೇ?” ಅಂದರು ನಿಧಾನಕ್ಕೆ.

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ಹಿಡಿದವಳ ಕಣ್ಣು ಸ್ಲೇಟಿನ ಮೇಲೆ, ಪಕ್ಕದಲ್ಲಿದ್ದ ಹತ್ತನೇ ಕ್ಲಾಸಿನ ಗಣಿತ ಪುಸ್ತಕದ ಮೇಲೆ ಬಿತ್ತು. “ಇದೇನಮ್ಮ? ನೀನು... ಹತ್ತನೇ ಕ್ಲಾಸಿನ ಲೆಕ್ಕ?”

ಈಗ ಬಾಯಿಗೆ ಕೈ ಅಡ್ಡ ಹಿಡಿಯುವ ಸರದಿ ಅತ್ತೆಯದು. ತಾಯಿ ಮಗಳು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ನನಗೆ ನಗು ಉಕ್ಕಿ ಬಂದು ದಿಂಬಿಗೆ ಮುಖ ಒತ್ತಿಕೊಂಡೆ. ತಲೆಯೆತ್ತಿದಾಗ ರಾಜಿಯಾಗಿತ್ತು: ಅತ್ತೆ ಫೇಲಾದ ಸುದ್ದಿಯನ್ನು ನಾದಿನಿ ಎತ್ತುವುದಿಲ್ಲ, ನಾದಿನಿಯ ಹುಡುಗನನ್ನು ಅತ್ತೆ ನೋಡದೆ ಬೇಡ ಅನ್ನುವುದಿಲ್ಲ.

ನಾದಿನಿಯ ಕನ್ನಡಕದ ಅಂಗಡಿಯಲ್ಲೇ ಫ್ರೇಮಿಗೆ ಗಾಜು ಕೂರಿಸುತ್ತಿದ್ದವನು ಅವನು. ಮುಂದಿನ ಭಾನುವಾರ ಚಹಾಕ್ಕೆ ಬಂದ. ಮಾವ ಊರು ಕೇರಿ ವಿಚಾರಿಸಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಅತ್ತೆ ಅವನ ಮುಂದೆ ಒಂದು ಹಾಳೆ, ಪೆನ್ಸಿಲ್ಲು ಇಟ್ಟರು. ಹಾಳೆಯ ಮೇಲೆ ಎರಡು ಬಹುಪದೋಕ್ತಿಗಳು.

“ಇದನ್ನ ಕೂಡಪ್ಪ, ನೋಡೋಣ.”

ಹುಡುಗ ಬೆವರಿದ. ವರ್ಗದ ಪದಗಳನ್ನು ಸರಿಯಾಗಿಯೇ ಕೂಡಿದ. ಮೈನಸ್ ಮೂರು ಎಕ್ಸಿಗೆ ಐದು ಎಕ್ಸ್ ಕೂಡುವಲ್ಲಿ ಎಡವಿ, ಮೈನಸ್ ಎಂಟು ಎಕ್ಸ್ ಅಂತ ಬರೆದ. ನಾದಿನಿ ಕಣ್ಣು ಮುಚ್ಚಿಕೊಂಡಳು. ಅತ್ತೆಯ ಮುಖ ಮಾತ್ರ ಅರಳಿಹೋಯಿತು.

“ಬಾ ಇಲ್ಲಿ, ಪಕ್ಕಕ್ಕೆ ಕೂತ್ಕೋ. ನಿನ್ನ ಹತ್ರ ಹರಿದ ಬೆಡ್‌ಶೀಟು ಮೂರಿವೆ, ಬದಲು ಕೊಡಬೇಕು. ಲಾಂಡ್ರಿಯಿಂದ ಒಳ್ಳೇವು ಐದು ಬಂದ್ವು. ಹರಿದವಕ್ಕೆ ಬದಲು ಕೊಟ್ಟ ಮೇಲೆ ಕಪಾಟಲ್ಲಿ ಎಷ್ಟು ಉಳೀತು?”

“ಎರಡು.”

“ಮತ್ತೆ ಈ ಎಂಟು ಎಲ್ಲಿಂದ ಬಂತು? ನೇಯ್ದೆಯಾ?”

ಹುಡುಗ ನಾಚಿಕೊಂಡು ತಿದ್ದಿದ. ಚಹಾ ಆರಿಹೋಗುವವರೆಗೂ ಅತ್ತೆ ಅವನನ್ನು ಬಿಡಲಿಲ್ಲ. ತಮಗಿಂತ ದಡ್ಡ ಶಿಷ್ಯನೊಬ್ಬ ಸಿಕ್ಕ ಖುಷಿಯಲ್ಲಿ ಅವನ ಜನ ಯಾರು ಅಂತ ಕೇಳುವುದನ್ನೇ ಮರೆತರೋ, ಮರೆತಂತೆ ಮಾಡಿದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಅವನು ಹೊರಟ ಮೇಲೆ, “ಹೇಳಿದ್ದು ಕೇಳ್ತಾನೆ. ಆಗಬಹುದು,” ಅಂದರು.

ಮಾವ ಬೆರಗಾಗಿ ಕೂತಿದ್ದರು. “ಅಲ್ವೇ, ಇಷ್ಟು ವರ್ಷವಾದ್ರೂ ಇದೆಲ್ಲ ನೆನಪಿದೆಯಾ ನಿನಗೆ?”

ಅತ್ತೆ ರೆಪ್ಪೆ ಸಹ ಅಲ್ಲಾಡಿಸಲಿಲ್ಲ. “ಫಸ್ಟ್ ಕ್ಲಾಸು ಅಂದ್ರೆ ಸುಮ್ಮನೇನಾ?”

ನಾದಿನಿಗೆ ಚಹಾ ನೆತ್ತಿಗೇರಿತು. ನಾನು ಅವಳ ಬೆನ್ನಿಗೆ ಬೇಕಾದ್ದಕ್ಕಿಂತ ಜೋರಾಗಿಯೇ ಗುದ್ದಿದೆ.

ಪರೀಕ್ಷೆಯ ದಿನ ಆಸ್ಪತ್ರೆಯಲ್ಲಿ ಟ್ರೈನಿಂಗ್ ಇದೆ ಅಂತ ಮನೆಯಲ್ಲಿ ಹೇಳಿ ಹೋದರು. ಬಂದವರು ರೇಖಾಗಣಿತ ಕೈಕೊಟ್ಟಿತು ಅಂತ ಮಾತ್ರ ಗೊಣಗಿದರು. ಫಲಿತಾಂಶ ಬಂದ ದಿನ ಕೆಲಸದ ಏಪ್ರನ್ ಸಹ ಬಿಚ್ಚದೆ, ನೇರ ನಮ್ಮ ಸ್ಕೂಲಿನ ಸ್ಟಾಫ್ ರೂಮಿಗೆ ನುಗ್ಗಿದರು. ಎಲ್ಲ ಟೀಚರುಗಳೂ ಕೂತಿದ್ದರು. ಅತ್ತೆ ನನ್ನತ್ತ ಕಣ್ಣು ಮಿಟುಕಿಸಿ, ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚುತ್ತ, “ನಮ್ಮ ಕಡೆ ಹುಡುಗಿ ಒಬ್ಬಳು ಹತ್ತನೇ ಕ್ಲಾಸು ಪಾಸಾದ್ಳು. ನಮ್ಮ ಸೊಸೆನೇ ಪಾಠ ಹೇಳಿದ್ದು,” ಅಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ನಮ್ಮ ಹೆಡ್‌ಮಾಸ್ಟರು ಬಿಸ್ಕತ್ತು ಕಡಿಯುತ್ತ ಕೇಳಿದರು: “ಬಹಳ ಸಂತೋಷ ತಾಯಿ. ಹುಡುಗಿ ಮುಂದೆ ಏನು ಓದ್ತಾಳಂತೆ?”

“ಓದೋದೆಲ್ಲ ಮುಗೀತು ಸಾರ್,” ಅತ್ತೆ ಅಂದರು. “ನಾಳೆಯಿಂದ ಬೇರೆಯವರನ್ನ ಗದರಿಸೋ ಕೆಲಸ.”