ಒಣ ಗಾಣದ ಸದ್ದು

ಹಿಂದೂಪುರದ ಪೇಟೆಯಲ್ಲಿ ಈಗ ಗಾಣದ ಎಣ್ಣೆ ಮತ್ತೆ ಫ್ಯಾಷನ್. ಬಾಟಲಿಯ ಮೇಲೆ ‘ಕೋಲ್ಡ್ ಪ್ರೆಸ್ಡ್’ ಎಂದು ಅಚ್ಚು ಹಾಕಿ ಮಾರುತ್ತಾರೆ. ಮೊನ್ನೆ ಒಂದನ್ನು ತಂದು ಮುಚ್ಚಳ ತೆಗೆದೆ. ಕಡಲೆಕಾಯಿಯ ಆ ಬೆಚ್ಚನೆ ಸ್ಮೆಲ್ ಬಂತು. ಅದರ ಹಿಂದೆಯೇ ಹಿಂಡಿಯ ವಾಸನೆ, ಎತ್ತಿನ ಮೈವಾಸನೆ, ಕೊನೆಗೆ ನಮ್ಮ ತಾತ. ನಿಮಗೂ ಹೀಗೆ ಯಾವುದೋ ಒಂದು ವಾಸನೆ ಇರುತ್ತದೆ, ಅಲ್ಲವೇ? ಅಳು ಬರುತ್ತದೆಂದು ಕಾದೆ. ಬರಲಿಲ್ಲ.

ತಾತ ಬ್ರಹ್ಮಸಮುದ್ರದ ಕಡೆಯ ನಮ್ಮ ಊರಿನ ಇನಾಮ್ದಾರರು. ಊರಿನ ಹೊಲವೆಲ್ಲ ನಮ್ಮದು, ಬಿತ್ತುವವರೆಲ್ಲ ನಮ್ಮ ಒಕ್ಕಲು. ಯಾರು ಬೆಳೆದ ಕಡಲೆಕಾಯಿಯೇ ಆಗಲಿ, ನಮ್ಮ ಅಂಗಳದ ಕಲ್ಲುಗಾಣದಲ್ಲೇ ಆಡಿಸಬೇಕು. ಎಣ್ಣೆಯ ಮೊದಲ ಸೌಟು ನಮ್ಮ ಅಡುಗೆಮನೆಗೆ. ಹಿಂದೂಪುರದ ಕಾನ್ವೆಂಟಿನಲ್ಲಿ ಹಿಸ್ಟರಿ ಸಿಸ್ಟರ್ ಒಮ್ಮೆ, ಡಚ್ಚರು ಅಮೆರಿಕದಲ್ಲಿ ನೆಲೆಯೂರಿದ ಕಾಲದ ‘ಪಟ್ರೂನ್’ ಎಂಬ ಜಮೀನ್ದಾರರ ಪಾಠ ಮಾಡಿದರು. ನದಿಯ ದಂಡೆಯುದ್ದಕ್ಕೂ ಅವರದೇ ನೆಲ, ಅವರದೇ ನ್ಯಾಯ. ಒಕ್ಕಲುಗಳು ಕಾಳು ಬೀಸಿಸಲು ಅವರ ಮಿಲ್ಲಿಗೇ ಹೋಗಬೇಕು. ನಾನು ಎದ್ದು ನಿಂತು, “ಸಿಸ್ಟರ್, ಮೈ ಗ್ರ್ಯಾಂಡ್‌ಫಾದರ್ ಈಸ್ ಎ ಪಟ್ರೂನ್,” ಎಂದೆ. ಕ್ಲಾಸೆಲ್ಲ ನಕ್ಕಿತು. ಸಿಸ್ಟರ್ ನಗಲಿಲ್ಲ. “ಸ್ಟಿಲ್?” ಎಂದಷ್ಟೇ ಕೇಳಿದರು.

ಅದು ಎಪ್ಪತ್ತರ ದಶಕ. ಆ ವರ್ಷವೇ ಇನಾಮು ಹೋಯಿತು, ಹೊಲಗಳು ಉಳುವವರ ಹೆಸರಿಗಾದವು. ನಾನು ಕ್ರಿಸ್‌ಮಸ್ ರಜೆಗೆ ಬಂದಾಗ ಕಡಲೆಕಾಯಿ ಕಿತ್ತು ಆಗಿತ್ತು. ಈ ಸಲ ಒಕ್ಕಲು ನಮ್ಮ ಗಾಣಕ್ಕೆ ಬರುತ್ತಾರೋ ಇಲ್ಲವೋ, ಮನೆಯಲ್ಲಿ ಎಲ್ಲರಿಗೂ ಅದೇ ಯೋಚನೆ. ಗಾಣ ಹೂಡುವ ದಿನ ತಾತ ಜರಿಪೇಟ ಸುತ್ತಿ ಜಗಲಿಯಲ್ಲಿ ಕೂತರು. ಬಿಸಿಲೇರಿತು, ಯಾರ ಸುಳಿವೂ ಇಲ್ಲ. “ಎತ್ತು ಕಟ್ಟೋ, ಸದ್ದು ಕೇಳಿದ್ರೆ ಬತ್ತಾರೆ,” ಎಂದು ಗಾಣದಾಳಿಗೆ ಹೇಳಿದರು. ಖಾಲಿ ಒರಳಿನಲ್ಲಿ ಒನಕೆ ತಿರುಗತೊಡಗಿತು. ತುಂಬಿದ ಗಾಣ ನರಳುತ್ತದೆ, ಒಣ ಗಾಣ ಕಿರುಚುತ್ತದೆ. ಊರಿಗೆಲ್ಲ ಗೊತ್ತಿದ್ದ ಈ ವ್ಯತ್ಯಾಸ ಜಗಲಿ ಇಳಿಯದ ತಾತನಿಗೆ ಗೊತ್ತಿರಲಿಲ್ಲ.

ನಮ್ಮ ಹಳೆಯ ಒಕ್ಕಲು ಹನುಮಕ್ಕ ತಲೆಯ ಮೇಲೆ ಮೂಟೆ ಹೊತ್ತು ಬಾಗಿಲಲ್ಲಿ ನಿಂತಳು. “ಇದೇನ್ ಸಾಮಿ, ಗಾಣ ಹಸ್ಕೊಂಡು ಊರಿಗೆಲ್ಲ ಕೇಳಂಗೆ ಬಡ್ಕೋತಾ ಐತೆ?”

“ನೀನೆಲ್ಲಿಗಮ್ಮ?”

“ಕಲ್ಯಾಣದುರ್ಗಕ್ಕೆ ಸಾಮಿ, ಕರೆಂಟ್ ಮಿಲ್ಲಿಗೆ. ಎಲ್ರೂ ಆಗ್ಲೇ ಹೋಗ್ಬುಟ್ರು.” ತಲೆಯ ಮೂಟೆಗೆ ಕೈ ಹಚ್ಚಿ, “ಇಲ್ಲೇ ಇಳಿಸ್ಬುಡ್ಲಾ?” ಎಂದಳು.

ಎತ್ತು ಸುತ್ತುತ್ತಲೇ ಇತ್ತು. “ಬ್ಯಾಡ, ಹೋಗಮ್ಮ. ಬಸ್ಸು ತಪ್ಪೋಯ್ತದೆ,” ಎಂದರು ತಾತ. ಅವಳು ತಿರುವು ದಾಟಿದ ಮೇಲೆ ಎತ್ತು ಬಿಚ್ಚಿಸಿದರು.

ಸಂಜೆ ಹನುಮಕ್ಕ ಹಿತ್ತಲ ಬಾಗಿಲಿಗೆ ಬಂದು ಅಜ್ಜಿಯ ಕೈಗೆ ಒಂದು ಚೊಂಬು ಎಣ್ಣೆ ಕೊಟ್ಟಳು. “ಮೊದಲ್ನೇ ಸೌಟು ಕಣ್ರಮ್ಮ. ಮಿಲ್ಲಿಂದು. ಬ್ಯಾಸರ ಮಾಡ್ಕಾಬ್ಯಾಡಿ.” ಅಜ್ಜಿ ಅದರಲ್ಲೇ ಒಗ್ಗರಣೆ ಹಾಕಿದರು. ತಾತ ಉಂಡು ಕೈ ತೊಳೆದರು. ಆಮೇಲೆ, “ಹನುಮಕ್ಕನ ಚೊಂಬು ಬರಿದು ಕಳಿಸ್ಬ್ಯಾಡ, ಬೆಲ್ಲ ಹಾಕಿ ಕಳಿಸು,” ಎಂದರು. ನೆಂಟರ ಮನೆಯ ಪಾತ್ರೆಗಳಿಗೆ ಮಾತ್ರ ನಾವು ಹಾಗೆ ಮಾಡುತ್ತಿದ್ದೆವು. ಒಕ್ಕಲುಗಳ ಪಾತ್ರೆ ಅಲ್ಲಿಯವರೆಗೆ ನಮ್ಮ ಮನೆಯಿಂದ ಖಾಲಿಯೇ ಹೋಗುತ್ತಿತ್ತು.

ಮನೆ ಈಗಿಲ್ಲ. ಗಾಣದ ಒರಳು ಯಾರದೋ ಹಿತ್ತಲಲ್ಲಿ ಎಮ್ಮೆಗೆ ನೀರಿಡುವ ಬಾನಿಯಾಗಿದೆಯಂತೆ. ಅಂದು ಬೆಲ್ಲದ ಚೊಂಬು ಹಿಡಿದು ಬೀದಿ ದಾಟಿದವಳು ನಾನು. ಚೊಂಬು ತಣ್ಣಗಿತ್ತು, ಭಾರವಾಗಿತ್ತು. ಮೊನ್ನೆ ಬಾಟಲಿಯ ಮುಂದೆ ಬಾರದ ಅಳು ಅಂದೂ ಬಂದಿರಲಿಲ್ಲ.